ಮನೆಯಲ್ಲಿ ಎಷ್ಟು ಮಂದಿ

ಜೇವರ್ಗಿಯ ಆ ಮನೆಗೆ ಹೋದಾಗ ನನಗೆ ಹನ್ನೊಂದು ವರ್ಷ, ತಂಗಿ ಶೀಲಾಗೆ ಏಳು. ಮನೆ ಎಂದರೆ ಒಂದು ದೊಡ್ಡ ಮನೆಯ ಹಿಂಭಾಗ, ಅಷ್ಟೇ. ಒಂದರ ಹಿಂದೆ ಒಂದು ಎರಡು ಖೋಲಿ, ಅದರಾಚೆ ತಗಡಿನ ಬಾಗಿಲಿನ ಬಚ್ಚಲು. ಮುಂದಿನ ಖೋಲಿಯಲ್ಲಿ ಅಡುಗೆ, ಊಟ, ನನ್ನ ಓದು, ಡ್ಯೂಟಿ ಮುಗಿಸಿ ಬಂದ ಅಪ್ಪನ ನಿದ್ದೆ. ಹಿಂದಿನ ಖೋಲಿಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು; ಮಧ್ಯಾಹ್ನ ಅದರಿಂದ ಒಂದು ತಟ್ಟೆಯಷ್ಟು ಬಿಸಿಲು ಫರಸಿಕಲ್ಲಿನ ನೆಲದ ಮೇಲೆ ಬಿದ್ದು, ನಿಧಾನವಾಗಿ ಗೋಡೆ ಹತ್ತಿ ಹೋಗುತ್ತಿತ್ತು. ಮನೆ ನೋಡಿ ಬಂದ ದಿನ ಅಪ್ಪ ಅವ್ವನಿಗೆ ನೀರಿನ ವಿಷಯ ಹೇಳಲಿಲ್ಲ, ಬಾಡಿಗೆ ಎಷ್ಟೆಂದೂ ಹೇಳಲಿಲ್ಲ. ಆ ಖೋಲಿಯ ವಿಷಯ ಹೇಳಿದ.

"ಗ್ವಾಡಿ ಎರಡು ಮೊಳ ದಪ್ಪ ಅದಾವು. ಒಳಗಿನ ದನಿ ಹೊರಗ ಹೋಗಂಗಿಲ್ಲ."

ಶೀಲಾ ಮಾತಾಡುತ್ತಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ, ಆದರೆ ಎರಡು ಮನೆ ಆಚೆ ಕುಕ್ಕರ್ ಸೀಟಿ ಹೊಡೆದರೆ ಕಿವಿ ಮುಚ್ಚಿಕೊಂಡು ಚೀರುತ್ತಿದ್ದಳು. ಶುರುವಾದರೆ ತಾಸುಗಟ್ಟಲೆ ಚೀರಾಟ. ತನ್ನ ಮುಂಗೈ ತಾನೇ ಕಚ್ಚಿಕೊಳ್ಳುತ್ತಿದ್ದಳು. ಅಲ್ಲಿಯ ಚರ್ಮ ಎತ್ತಿನ ಹೆಗಲಿನ ಹಾಗೆ ದಪ್ಪಗಾಗಿತ್ತು. ಮನಸ್ಸು ಸಮಾಧಾನವಾಗಿದ್ದಾಗ ಸ್ಟೀಲ್ ಡಬ್ಬಿಯ ಮುಚ್ಚಳವನ್ನು ನೆಲದ ಮೇಲೆ ಗಿರ್ರನೆ ತಿರುಗಿಸಿ, ಅದು ನಿಲ್ಲುವವರೆಗೂ ಕೆನ್ನೆಯನ್ನು ಫರಸಿಗೆ ಹಚ್ಚಿ ನೋಡುತ್ತಿದ್ದಳು. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್. ಅವನನ್ನು ಕಳಿಸಿದ ಊರಿಗೆ ನಾವೂ ಹೋಗುತ್ತಿದ್ದೆವು. ಆಳಂದದಲ್ಲಿ ಮೂರು ಮನೆ, ಅಫಜಲಪುರದಲ್ಲಿ ಎರಡು ಮನೆ ಬಿಟ್ಟಿದ್ದೆವು. ಯಾರೂ ಜಗಳವಾಡಿ ಹೊರಗೆ ಹಾಕಲಿಲ್ಲ. ಒಬ್ಬರು ಮಗನ ಪರೀಕ್ಷೆ ಎಂದರು. ಇನ್ನೊಬ್ಬರು ಸೊಸೆ ಬಸುರಿ, ಇಂಥದ್ದನ್ನೆಲ್ಲ ನೋಡಬಾರದು ಎಂದರು. ಕೊನೆಯ ಮನೆಯ ಮಾಲಕ ಕೈಮುಗಿದು ಕೇಳಿಕೊಂಡ. ಆ ಕೈಮುಗಿದದ್ದೇ ಅಪ್ಪನಿಗೆ ತಡೆಯಲಾಗದ್ದು.

ಜೇವರ್ಗಿಯ ಮನೆಯ ಒಡತಿ ನೀಲಮ್ಮ. ಅರವತ್ತು ದಾಟಿದವಳು, ತೊಗರಿ ವ್ಯಾಪಾರದ ಮನೆತನ, ಗಂಡ ತೀರಿಕೊಂಡಿದ್ದ. ಮಕ್ಕಳು ಬೇರೆ ಊರಲ್ಲಿ ಅಂಗಡಿ ಇಟ್ಟಿದ್ದರು. ಓಣಿಯ ಮಕ್ಕಳೆಲ್ಲ ಅವಳನ್ನು ನೀಲಮ್ಮಾಯಿ ಎನ್ನುತ್ತಿದ್ದರು. ಮಾತು ಮುಗಿಸಲು ಅಪ್ಪ ಹೋದ ದಿನ ನಾನೂ ಜೊತೆಗಿದ್ದೆ. ಅವಳು ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು, ಹಣೆಯ ಮೇಲೆ ವಿಭೂತಿ. ಅಪ್ಪ ನಿಂತುಕೊಂಡೇ ಹೇಳಿದ.

"ನಾವು ಬೌದ್ಧರು ಅದೇವ್ರಿ. ಆಮ್ಯಾಲ ಗೊತ್ತಾಗಿ ಮಾತು ಬರೂದು ಬ್ಯಾಡ ಅಂತ ಈಗೇ ಹೇಳಾಕತ್ತೀನಿ."

"ಜಾತಿ ಕೇಳೂದು ನಮ್ಮ ಶರಣರು ಬಿಡಿಸ್ಯಾರ," ಎಂದಳು ನೀಲಮ್ಮಾಯಿ, ತಲೆ ಎತ್ತದೆ. "ಮನ್ಯಾಗ ಎಷ್ಟು ಮಂದಿ?"

"ಮೂರು ಮಂದಿರಿ. ನಾವಿಬ್ರು, ಇಕಿ ಒಬ್ಬಾಕೆ ಮಗಳು."

ಹಾಗೆನ್ನುವಾಗ ಅಪ್ಪನ ಕೈ ನನ್ನ ತಲೆಯ ಮೇಲಿತ್ತು. ನಾನು ಅವನ ಮುಖ ನೋಡಲಿಲ್ಲ. ಎಲ್ಲಿ ಹೋದರೂ ಬುದ್ಧನ ಪಟವನ್ನು ಮುಂದಿನ ಗೋಡೆಗೇ ಹಾಕುವವನು ಅವನು. ಬಂದವರಿಗೆ ಮೊದಲು ಅದೇ ಕಾಣಬೇಕು, ನಾವೇನು ಕದ್ದಿದ್ದೇವೆಯೇ ಮುಚ್ಚಿಡಲು ಎನ್ನುತ್ತಿದ್ದ. ಅದೇ ಮನುಷ್ಯ, ಅದೇ ದನಿಯಲ್ಲಿ, ನನ್ನ ತಂಗಿಯನ್ನು ಲೆಕ್ಕದಿಂದ ತೆಗೆದಿದ್ದ. ಮನೆಗೆ ಬರುವ ದಾರಿಯಲ್ಲಿ ನನಗೆ ಒಂದು ಗ್ಲಾಸು ಕಬ್ಬಿನ ಹಾಲು ಕೊಡಿಸಿದ. ಯಾರಾದರೂ ಕೇಳಿದರೆ ಏನು ಹೇಳಬೇಕು ಎಂದು ಅವನು ಕಲಿಸಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ನೀಲಮ್ಮಾಯಿ ಒಂದು ಲಗ್ನಕ್ಕೆ ಹೋದ ದಿನ ನೋಡಿ ನಾವು ಸಾಮಾನು ತಂದೆವು. ಕೆಮ್ಮಿನ ಔಷಧಿ ಕುಡಿಸಿದ್ದರಿಂದ ಶೀಲಾ ಅವ್ವನ ಹೆಗಲ ಮೇಲೆ ನಿದ್ದೆಹೋಗಿದ್ದಳು. ಮೈಮೇಲೆ ಚಾದರ ಹೊದಿಸಿ, ಹಾಸಿಗೆಯ ಗಂಟು ತರುವವಳ ಹಾಗೆ ಅವ್ವ ಟೆಂಪೋದಿಂದ ಇಳಿದು ನೇರ ಹಿಂದಿನ ಖೋಲಿಗೆ ನಡೆದಳು. ಅದಾದ ಮೇಲೆ ಏಳು ತಿಂಗಳು ಶೀಲಾ ಹೊರಗಿನ ಬೀದಿ ನೋಡಲಿಲ್ಲ.

ಅವಳೊಬ್ಬಳೇ ಅಲ್ಲ, ಅವ್ವನೂ ನೋಡಲಿಲ್ಲ. ಕಾಯಿಪಲ್ಲೆ ತರುವುದು ನಾನು, ಗಿರಣಿಗೆ ಹೋಗುವುದು ನಾನು. ಅವ್ವ ಕುಕ್ಕರನ್ನು ಅಟ್ಟಕ್ಕೆ ಹಾಕಿ ಬೇಳೆಯನ್ನು ಗಡಿಗೆಯಲ್ಲಿ ಬೇಯಿಸುತ್ತಿದ್ದಳು. ಟೀವಿ ಇಡೀ ದಿನ ಹಚ್ಚಿರಬೇಕಾಗಿತ್ತು. ಶೀಲಾಳ ದನಿ ಏರಿದರೆ ಅದರ ದನಿಯನ್ನೂ ಏರಿಸಬೇಕು, ಅದು ಏರಿದರೆ ಶೀಲಾ ಇನ್ನೂ ಜೋರಾಗಿ ಚೀರುತ್ತಾಳೆ. ಇದಕ್ಕೆ ಪರಿಹಾರ ಯಾರ ಬಳಿಯೂ ಇರಲಿಲ್ಲ. ಬೇಸಿಗೆಯಲ್ಲಿ ಆ ಖೋಲಿ ಕುದಿಯುತ್ತಿತ್ತು. ಅವ್ವ ಗೋಣಿಚೀಲ ತೊಯ್ಸಿ ನೆಲಕ್ಕೆ ಹಾಸಿ, ಅದರ ಮೇಲೆ ಶೀಲಾಳನ್ನು ಕೂಡಿಸಿ, ತಾನು ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ನಮ್ಮ ಮಾತೆಲ್ಲ ಪಿಸುಮಾತು. ಶಾಲೆಯಲ್ಲಿ ಪಾಠ ಓದಲು ಎಬ್ಬಿಸಿದಾಗಲೂ ನನಗೆ ದನಿ ಬರುತ್ತಿರಲಿಲ್ಲ, ಸರ್ ಮೂರು ಸಲ "ಜೋರಾಗಿ" ಎನ್ನಬೇಕಾಗುತ್ತಿತ್ತು.

ಊಟಕ್ಕೆ ಶೀಲಾಗೆ ಖಡಕ್ ರೊಟ್ಟಿ ಒಂದು ತಟ್ಟೆಯಲ್ಲಿ, ಶೇಂಗಾ ಚಟ್ನಿ ಇನ್ನೊಂದರಲ್ಲಿ. ಒಂದಕ್ಕೊಂದು ತಾಗಿದರೆ ಎರಡನ್ನೂ ಎಸೆಯುತ್ತಿದ್ದಳು. ಆದರೆ ಅವ್ವ ರೊಟ್ಟಿ ತಟ್ಟುವ ಸದ್ದು ಅವಳಿಗೆ ಬಹಳ ಇಷ್ಟ. ಎಲ್ಲಿದ್ದರೂ ಬಂದು, ತಟ್ಟುವ ಕಲ್ಲಿನ ಅಂಚಿಗೆ ಅಂಗೈ ಹಚ್ಚಿ, ಕಣ್ಣು ಮುಚ್ಚಿ ಕೂರುತ್ತಿದ್ದಳು. ಅವಳಿಗಾಗಿಯೇ ಅವ್ವ ಕೆಲವು ಸಲ ಬೇಕಾಗದ ರೊಟ್ಟಿಯನ್ನೂ ತಟ್ಟಿದ್ದಾಳೆ. ರವಿವಾರ ಸಂಜೆ ಪಟದ ಮುಂದೆ ಮೇಣದಬತ್ತಿ ಹಚ್ಚಿ ವಂದನೆ ಹೇಳುತ್ತಿದ್ದೆವು, ಅದೂ ತುಟಿಯಲ್ಲೇ. ಆಗ ಶೀಲಾ ಉರಿಯನ್ನು ನೋಡುತ್ತಾ ಸುಮ್ಮನೆ ಕೂರುತ್ತಿದ್ದಳು. ನಾವು ನಾಲ್ವರೂ ಒಂದೇ ಕಡೆ ಕೂತದ್ದು ಎಂದು ನನಗೆ ನೆನಪಿರುವುದು ಆ ಹತ್ತು ನಿಮಿಷಗಳು ಮಾತ್ರ.

ಶಾಲೆಯಲ್ಲಿ ನನ್ನ ಪಕ್ಕ ಕೂರುವ ರೇಣುಕಾಗೆ ನನ್ನ ಮನೆ ನೋಡುವ ಆಸೆ. ಒಮ್ಮೆ ಅವ್ವನಿಗೆ ಜ್ವರ ಎಂದೆ. ಇನ್ನೊಮ್ಮೆ ಮೈಮೇಲೆ ಅಮ್ಮ ಎದ್ದಿದ್ದಾಳೆ, ಬಂದರೆ ನಿನಗೂ ಹತ್ತುತ್ತದೆ ಎಂದೆ. ಕಾಮಾಲೆ ಎಂದೆ. ಅವ್ವನ ಮೈಗೆ ನಾನು ಹಚ್ಚದ ರೋಗವಿಲ್ಲ. ಕೊನೆಗೆ ರೇಣುಕಾ ಕೇಳುವುದನ್ನೇ ಬಿಟ್ಟಳು. ತರಗತಿಯಲ್ಲಿ ಬೇರೆಯವರ ಪಕ್ಕ ಕೂತಳು. ಅಂದು ಮನೆಗೆ ಬಂದು ಶೀಲಾ ತಿರುಗಿಸುತ್ತಿದ್ದ ಮುಚ್ಚಳವನ್ನು ಕಾಲಿನಿಂದ ಒದ್ದೆ. ಅವಳು ನನ್ನನ್ನು ನೋಡಲಿಲ್ಲ. ಎದ್ದು ಹೋಗಿ ಅದನ್ನು ತಂದು ಮತ್ತೆ ತಿರುಗಿಸಿದಳು.

ಕಿಣ್ಣಿ ಸುಲ್ತಾನ ಎಂಬ ಊರಿನಿಂದ ಅಜ್ಜಿ, ಅಪ್ಪನ ತಾಯಿ, ಒಮ್ಮೆ ಬಂದು ನಾಲ್ಕು ದಿನ ಇದ್ದಳು. ಅವಳಿಗೂ ನಮ್ಮ ಪಾಡು ನೋಡಿ ಸಂಕಟವಾಗಿತ್ತು, ಅದು ಸುಳ್ಳಲ್ಲ. ಹೊರಡುವ ದಿನ ಊಟದ ಮುಂದೆ ಮಾತು ತೆಗೆದಳು.

"ಇಕಿನ್ನ ನನ್ನ ಕೂಡ ಕಳಸ್ರಿ. ಊರಾಗ ಕೊಟ್ಟಿಗಿ ಖಾಲಿ ಅದ. ಕಾಲಿಗೊಂದು ಮೆತ್ತನ್ನ ಹಗ್ಗ ಹಾಕಿದ್ರ ಎಲ್ಲಿ ಹೋಗ್ತಾಳ? ನೀವು ಮೂವರಾದ್ರೂ ಗಾಳಿ ಕುಡೀರಿ."

ಅಪ್ಪ ತಟ್ಟೆಯಲ್ಲಿ ರೊಟ್ಟಿ ಮುರಿಯುತ್ತ ಕೂತ, ತಿನ್ನಲಿಲ್ಲ. ಅವನು ಯೋಚಿಸುತ್ತಿದ್ದಾನೆ ಎಂದು ಅವ್ವನಿಗೆ ಗೊತ್ತಾಯಿತು.

"ಆಕಿನ್ನ ಕಟ್ಟೂದಾದ್ರ ನನ್ನೂ ಅದೇ ಗೂಟಕ್ಕ ಕಟ್ರಿ," ಎಂದಳು ಅವ್ವ. ಅದನ್ನೂ ಪಿಸುದನಿಯಲ್ಲೇ ಅಂದಳು.

"ಹಂಗಾದ್ರ ಈಗೇನು ಮಾಡೀದಿ ನೀ?" ಅಪ್ಪ ತಟ್ಟೆ ಸರಿಸಿ ಅವ್ವನಿಗೆ ಕೇಳಿದ. "ಇದೂ ಕೊಟ್ಟಿಗೀನೇ ಅಲ್ಲೇನು?"

ಈ ಮಾತು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು: ಅಂದು ಗೋಡೆಗೆ ಒರಗಿ ಕೂತಿದ್ದ ನಾನು, ಅಜ್ಜಿ ಗೆಲ್ಲಲಿ ಎಂದು ಬಯಸಿದೆ. ಶೀಲಾ ಊರಿಗೆ ಹೋದರೆ ರೇಣುಕಾಳನ್ನು ಕರೆಯಬಹುದು ಎಂದುಕೊಂಡೆ. ಅಜ್ಜಿ ಒಬ್ಬಳೇ ಬಸ್ಸು ಹತ್ತಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಅಜ್ಜಿಯ ಮೇಲೆ ಇಷ್ಟೊಂದು ಜೀವ ಎಂದುಕೊಂಡು ಅವ್ವ ನನ್ನ ಬೆನ್ನು ಸವರಿದಳು.

ದೀಪಾವಳಿಯ ರಜೆ ಮುಗಿದ ಮೇಲೆ ಶಾಲೆಗೆ ಒಬ್ಬ ಮೇಡಮ್ ಬಂದರು. ಹೆಸರು ರಜಿಯಾ. ಅಂಗವಿಕಲ ಮಕ್ಕಳಿಗೆ ಪಾಠ ಹೇಳುವವರು, ತಾಲೂಕಿನ ಶಾಲೆಗಳಿಗೆಲ್ಲ ಬಸ್ಸಿನಲ್ಲಿ ಓಡಾಡುವವರು. ನಿಮ್ಮ ಮನೆಯಲ್ಲಾಗಲಿ ಓಣಿಯಲ್ಲಾಗಲಿ ಶಾಲೆಗೆ ಬಾರದ ಮಕ್ಕಳಿದ್ದಾರೆಯೇ ಎಂದು ಕೇಳಿದರು. ಒಬ್ಬ ಹುಡುಗಿ ಕುಂಟುವ ಅಣ್ಣನ ಹೆಸರು ಹೇಳಿದಳು. ಮೇಡಮ್ ಬರೆದುಕೊಂಡು, ಪುಸ್ತಕ ಮುಚ್ಚಿ, ಮೇಜಿಗೆ ಒರಗಿ ನಿಂತು ಮಾತಾಡಿದರು.

"ಕೈಕಾಲು ಛಲೋ ಇದ್ದೂ ಮನ್ಯಾಗೇ ಇರೋ ಮಕ್ಕಳೂ ಇರ್ತಾವ. ಕರೆದ್ರ ನೋಡಂಗಿಲ್ಲ, ಆದ್ರ ಕಿವಿ ಕೇಳತಾವ. ಸಣ್ಣ ಸಪ್ಪಳ ಆದ್ರೂ ಅವಕ್ಕ ತಡ್ಕೊಳಾಕ ಆಗಂಗಿಲ್ಲ. ಒಂದೇ ಆಟ ದಿನಾ ಆಡತಾವ. ಹುಚ್ಚಲ್ಲ ಅದು, ದೆವ್ವ ಅಲ್ಲ. ಅದಕ್ಕ ಆಟಿಸಂ ಅಂತಾರ."

ಈ ಹೆಂಗಸು ನಮ್ಮ ಬೆಳಕಿಂಡಿಯಿಂದ ಇಣುಕಿ ನೋಡಿದ್ದಾಳೆ ಎಂದೇ ಅನ್ನಿಸಿತು. ಕೈ ಎತ್ತಲಿಲ್ಲ. ಗಂಟೆ ಹೊಡೆದ ಮೇಲೆ ಅವರು ಗೇಟಿನ ಹತ್ತಿರ ಹೋಗಿದ್ದರು, ನಾನು ಓಡಿದೆ.

"ಮೇಡಮ್, ಅವ್ರು ಮುಚ್ಚಳ ತಿರುಗಸ್ತಾರೇನ್ರಿ?"

"ಯಾರವ್ವ?"

"ನಮ್ಮ ತಂಗಿರಿ. ಶೀಲಾ ಅಂತ."

ಜೇವರ್ಗಿಗೆ ಬಂದ ಮೇಲೆ ಮನೆಯ ಹೊರಗೆ ಆ ಹೆಸರನ್ನು ನಾನು ಅಂದದ್ದು ಅದೇ ಮೊದಲು. ಅಂದ ಕೂಡಲೇ ಭಯವಾಯಿತು. ಯಾರಿಗೂ ಹೇಳಬೇಡಿ, ಮನೆ ಬಿಡಿಸುತ್ತಾರೆ, ನೀವು ಬರಲೂ ಬೇಡಿ ಎಂದು ಅಳತೊಡಗಿದೆ. ಅವರು ನನ್ನ ಕೈ ಹಿಡಿದುಕೊಂಡರು.

"ಹಾದಿ ಕೇಳ್ಕೋತ ನಾ ಬರಂಗಿಲ್ಲ. ನಿನಗ ಯಾವತ್ತು ಅನಸ್ತದೋ ಅವತ್ತು ನೀನೇ ಕರ್ಕೊಂಡು ಹೋಗು. ಸೋಮವಾರಕ್ಕೊಮ್ಮೆ ನಾ ಇಲ್ಲಿ ಬರ್ತೇನಿ."

ಎರಡು ಸೋಮವಾರ ನಾನು ಅವರಿಗೆ ಮುಖ ತಪ್ಪಿಸಿದೆ. ಮೂರನೆಯ ಸೋಮವಾರ ಕರೆದುಕೊಂಡು ಹೋದೆ. ಅಪ್ಪ ಡ್ಯೂಟಿಯ ಮೇಲಿದ್ದ. ಅವ್ವ ಬಾಗಿಲನ್ನು ಅಂಗೈ ಅಗಲ ತೆರೆದು, ನನ್ನ ಹಿಂದೆ ನಿಂತವರನ್ನು ನೋಡಿದಳು. ನನ್ನ ಓದಿನ ವಿಷಯ ಮಾತಾಡಲು ಬಂದಿದ್ದಾರೆ ಎಂದುಕೊಂಡಳೇನೋ. ಮನೆಯಲ್ಲಿ ಯಾರೂ ಇಲ್ಲ, ಆಮೇಲೆ ಬರ್ರಿ ಎಂದಳು. ಅಷ್ಟರಲ್ಲಿ ಒಳಗೆ ಶೀಲಾ ಗುಂಯ್ ಎಂದು ರಾಗ ಎಳೆದಳು. ಅವ್ವ ನನ್ನನ್ನು ನೋಡಿದಳು. ಆ ನೋಟಕ್ಕಿಂತ ಏಟೇ ವಾಸಿಯಿತ್ತು. ಆಮೇಲೆ ಬಾಗಿಲು ಬಿಟ್ಟು ಹಿಂದೆ ಸರಿದಳು.

ರಜಿಯಾ ಮೇಡಮ್ ಶೀಲಾಳನ್ನು ಮುಟ್ಟಲಿಲ್ಲ, ಕರೆಯಲೂ ಇಲ್ಲ. ಮೊಳ ದೂರದಲ್ಲಿ ನೆಲಕ್ಕೆ ಕೂತು, ಒಂದು ಮುಚ್ಚಳ ತೆಗೆದುಕೊಂಡು ತಾವೂ ತಿರುಗಿಸಿದರು. ಅರ್ಧ ತಾಸು ಅದೇ ಕೆಲಸ. ಒಮ್ಮೆ ಅವರ ಮುಚ್ಚಳ ಮೊದಲು ಬಿತ್ತು. ಶೀಲಾ ಕೈ ಚಾಚಿ ಅದನ್ನೆತ್ತಿ, ತಾನೇ ತಿರುಗಿಸಿ ಅವರ ಮುಂದೆ ಬಿಟ್ಟಳು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

"ಗ್ರಹಣ ಹಿಡಿದಾಗ ನಾ ಹೊರಗ ಬಂದಿದ್ದೆರಿ," ಎಂದಳು. ಏಳು ವರ್ಷ ಅವಳು ಅದನ್ನು ನಂಬಿಕೊಂಡಿದ್ದಳು ಎಂದು ನನಗೆ ಗೊತ್ತಾದದ್ದು ಆಗಲೇ. "ಇದು ನನ್ನಿಂದ ಆಗ್ಯಾದ."

"ನಿಮ್ಮಿಂದ ಆಗಿಲ್ರಿ. ನೀವು ತಿಂದದ್ದರಿಂದ ಅಲ್ಲ, ಹೊರಗ ಬಂದದ್ದರಿಂದ ಅಲ್ಲ. ಹುಟ್ಟತಾನೇ ಆಕಿ ಹಿಂಗ."

"ಛಲೋ ಆಗ್ತಾಳೇನ್ರಿ?"

"ಇದು ಹೋಗೂ ಅಂಥಾದ್ದಲ್ರಿ. ಆದ್ರ ಕಲೀತಾಳ. ನಮಗ ಕಲಸ್ತಾಳ."

ಅವ್ವ ಗೋಡೆಯ ಕಡೆ ತಿರುಗಿ ಅತ್ತಳು. ಹೋಗದು ಎಂಬ ಮಾತಿಗೆ ಅತ್ತಳೋ, ನಿಮ್ಮಿಂದಲ್ಲ ಎಂಬ ಮಾತಿಗೆ ಅತ್ತಳೋ ನನಗೆ ಇವತ್ತಿಗೂ ತಿಳಿಯದು. ಮೇಡಮ್ ಹೋದ ಮೇಲೆ ನನಗೆ ಕಪಾಳಕ್ಕೆ ಹೊಡೆದಳು. ಹೊಡೆದ ಕೈಯಿಂದಲೇ ಎದೆಗೆ ಅವಚಿಕೊಂಡಳು.

ಅಪ್ಪ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ವಿಷಯ ಕೇಳಿದವನೇ ಟ್ರಂಕು ಎಳೆದ. ಶಾಲೆಗೆ ಗೊತ್ತಾದ ಮೇಲೆ ಓಣಿಗೆ ಗೊತ್ತಾಗಲು ಎಷ್ಟು ದಿನ, ನಾಳೆ ಆ ಮುದುಕಿಯೂ ಕೈ ಮುಗಿಯುತ್ತಾಳೆ, ಅದಕ್ಕಿಂತ ನಾವೇ ಹೇಳಿ ಹೊರಡುವುದು ಮೇಲು ಎಂದ. ಮರುದಿನ ಬೆಳಿಗ್ಗೆ ಸಮವಸ್ತ್ರ ಹಾಕಿಕೊಂಡೇ ನೀಲಮ್ಮಾಯಿಯ ಕಟ್ಟೆಯ ಮುಂದೆ ನಿಂತ. ಹೋದ ಸಲದ ಸಾಕ್ಷಿಗೆ ಎಂಬಂತೆ ನನ್ನನ್ನೂ ಕರೆದುಕೊಂಡು ಹೋಗಿದ್ದ.

"ಆಯೀ, ನಿಮ್ಮ ಮುಂದ ನಾ ಸುಳ್ಳ ಹೇಳೀನಿ. ನಮಗ ಇನ್ನೊಬ್ಬಾಕೆ ಮಗಳು ಅದಾಳ. ಆಕಿಗಿ ಜರಾ..." ಅವನಿಗೆ ಮುಂದಿನ ಶಬ್ದ ಸಿಗಲಿಲ್ಲ. "ತಿಂಗಳ ಕೊನಿಗಿ ಮನಿ ಖಾಲಿ ಮಾಡ್ತೇವ್ರಿ."

ನೀಲಮ್ಮಾಯಿ ಕಣ್ಣು ಕಿರಿದು ಮಾಡಿ ಅವನನ್ನು ನೋಡಿದಳು.

"ನೀವು ಬಂದ ಎಂಟು ದಿನಕ್ಕೇ ನನಗ ಗೊತ್ತಾಗ್ಯಾದ. ಹಗ್ಗದ ಮ್ಯಾಲ ಮೂರು ಅಳತಿ ಲಂಗ ಒಣಗ್ತಾವ, ಮನ್ಯಾಗ ಹೆಣ್ಣು ಇಬ್ಬರೇ ಅಂತಿ. ನಾ ಏನು ಕುರುಡಿಯೇನು?"

"ಮತ್ತ ಯಾಕ ಕೇಳಲಿಲ್ರಿ?"

"ನೀ ಹೇಳಲಿ ಅಂತ ಬಿಟ್ಟಿದ್ದೆ."

ಅಪ್ಪ ಕಟ್ಟೆಗೆ ಇನ್ನೊಂದು ಹೆಜ್ಜೆ ಹತ್ತಿರ ಬಂದ. "ಮೊದಲೇ ಹೇಳಿದ್ರ ಮನಿ ಕೊಡ್ತಿದ್ದೀರೇನ್ರಿ?"

"ಖರೆ ಹೇಳಬೇಕಂದ್ರ, ಕೊಡ್ತಿರಲಿಲ್ಲ. ಅವತ್ತು ಕೊಡ್ತಿರಲಿಲ್ಲ ನಾ. ಈಗ ಆ ಪೋರಿ ಅಳೂ ದನಿ ಕೇಳದಿದ್ರ ಏನಾತೋ ಅಂತ ಗ್ವಾಡಿಗಿ ಕಿವಿ ಕೊಡ್ತೀನಿ. ಹೋಗು, ಡ್ಯೂಟಿಗಿ ಹೊತ್ತಾಗ್ತದ. ಆ ಬಾಗಿಲ ತೆಗೆದಿಡ್ರಿ ಮೊದಲ, ಕೂಸು ಒಳಗ ಬೇಯ್ತದ."

ಆ ಮಾತಿಗೆ ನಾನು ಕೃತಜ್ಞಳಾಗಬೇಕಾಗಿತ್ತು. ಆದರೆ ನನಗೆ ಬಂದದ್ದು ಸಿಟ್ಟು. ಆ ಏಳು ತಿಂಗಳು, ಆ ತೊಯ್ದ ಗೋಣಿಚೀಲ, ನನ್ನ ರೇಣುಕಾ, ಇವನ್ನೆಲ್ಲ ನಾವು ಯಾರಿಗಾಗಿ ಕೊಟ್ಟೆವು? ಈಗ ಯೋಚಿಸಿದರೆ, ಹೇಳದೆ ಇದ್ದುದರಿಂದಲೇ ತಲೆಯ ಮೇಲೆ ಮಾಳಿಗೆ ಸಿಕ್ಕಿತು ಎಂಬುದೂ ನಿಜ. ನಮ್ಮನ್ನು ಕೂಡಿಹಾಕಿದ್ದ ಸುಳ್ಳೇ ನಮಗೆ ನೆರಳಾಗಿತ್ತು. ಹನ್ನೊಂದರ ವಯಸ್ಸಿಗೆ ಇದು ಅರ್ಥವಾಗುವ ಮಾತಲ್ಲ.

ಬಾಗಿಲು ತೆರೆದ ಮಾತ್ರಕ್ಕೆ ಓಣಿ ತೆರೆದುಕೊಳ್ಳಲಿಲ್ಲ. ಎದುರು ಮನೆಯವರು ಮಕ್ಕಳನ್ನು ಒಳಗೆ ಕರೆದುಕೊಂಡರು. ನೀಲಮ್ಮಾಯಿ ಕಟ್ಟೆಯ ಮೇಲೆ ಶೀಲಾಳನ್ನು ಕೂಡಿಸಿಕೊಂಡು ಅವರೆಕಾಯಿ ಸುಲಿದರೂ ನಮ್ಮ ಮನೆಯ ಚಹಾ ಕುಡಿಯಲು ಇನ್ನೂ ಒಂದು ವರ್ಷ ತೆಗೆದುಕೊಂಡಳು. ರಜಿಯಾ ಮೇಡಮ್ ವಾರಕ್ಕೊಮ್ಮೆ ಬರುತ್ತಿದ್ದರು. ರಟ್ಟಿನ ಮೇಲೆ ನೀರಿನ ತಂಬಿಗೆ, ರೊಟ್ಟಿ, ಬಚ್ಚಲು ಇವುಗಳ ಚಿತ್ರ ಬರೆದು ಗೋಡೆಗೆ ಹಚ್ಚಿದರು. ಮೂರು ತಿಂಗಳು ಶೀಲಾ ಅವನ್ನು ಹರಿದು ಹಾಕಿದಳು. ನಾಲ್ಕನೆಯ ತಿಂಗಳು ತಂಬಿಗೆಯ ಚಿತ್ರ ಕಿತ್ತು ತಂದು ಅವ್ವನ ಮಡಿಲಿಗೆ ಹಾಕಿ ನಿಂತಳು. ಅವ್ವ ನೀರು ಕೊಟ್ಟಳು, ಅವಳು ಕುಡಿದಳು. ಶೀಲಾ ಈಗಲೂ ಮಾತಾಡುವುದಿಲ್ಲ. ಆಳಂದದಲ್ಲಿ ನನ್ನ ಮತ್ತು ಅವ್ವನ ಜೊತೆ ಇದ್ದಾಳೆ. ತನಗೆ ಬೇಕಾದದ್ದನ್ನು ಚಿತ್ರ ತೋರಿಸಿ ಕೇಳುತ್ತಾಳೆ, ಬೇಡವಾದರೆ ಈಗಲೂ ಮುಂಗೈ ಕಚ್ಚಿಕೊಳ್ಳುತ್ತಾಳೆ.

ಜೇವರ್ಗಿಯಲ್ಲಿ ಬಾಗಿಲು ತೆರೆದ ಆ ದಿನಗಳಲ್ಲೇ, ಅಫಜಲಪುರದ ಒಂದು ಶಾಲೆಯಲ್ಲಿ ಇಂಥ ಮಕ್ಕಳ ತಾಯಂದಿರು ತಿಂಗಳಿಗೊಮ್ಮೆ ಕೂಡುತ್ತಾರೆ, ನೀವೂ ಬರ್ರಿ ಎಂದು ಮೇಡಮ್ ಅವ್ವನಿಗೆ ಹೇಳಿದರು. ಅತನೂರಿನ ಒಬ್ಬಾಕೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಬರುತ್ತಾಳೆ ಎಂದರು. ಅತನೂರು ಅವ್ವನ ತವರು. ತನ್ನ ಊರಿನಲ್ಲೇ ಅಂಥ ಇನ್ನೊಂದು ಮನೆ ಇದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಆ ಮನೆಯವರೂ ಬಾಗಿಲು ಹಾಕಿಕೊಂಡೇ ಇದ್ದರು. ಅವ್ವ ಎರಡು ದಿನ ಯೋಚಿಸಿ, ಹೋಗುತ್ತೇನೆ ಎಂದಳು. ಆ ದಿನ ಅಫಜಲಪುರದ ಬಸ್ಸು ಅಪ್ಪನದೇ ಆಗಿತ್ತು. ಅವನು ಬೇಡ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ನಾವು ಮೂವರು ಹಿಂದಿನ ಬಾಗಿಲಿನಿಂದ ಹತ್ತಿ ಮಧ್ಯದಲ್ಲೆಲ್ಲೋ ಕೂತೆವು. ಅಪ್ಪ ಕನ್ನಡಿಯಲ್ಲಿ ಒಮ್ಮೆ ನೋಡಿದ, ಗುರುತಿಲ್ಲದವನ ಹಾಗೆ ಗಾಡಿ ಬಿಟ್ಟ.

ಊರು ದಾಟುವವರೆಗೆ ಶೀಲಾ ಸುಮ್ಮನಿದ್ದಳು. ಸೀಟಿನ ಕಬ್ಬಿಣಕ್ಕೆ ಕೆನ್ನೆ ಕೊಟ್ಟು ಅದರ ನಡುಕ ಕೇಳುತ್ತಿದ್ದಳು. ಎದುರಿನಿಂದ ಕಬ್ಬಿನ ಟ್ರಾಕ್ಟರ್ ಬಂತು, ಅಪ್ಪ ಅಭ್ಯಾಸದಂತೆ ಹಾರ್ನ್ ಒತ್ತಿದ. ಶೀಲಾ ಕಿವಿ ಮುಚ್ಚಿಕೊಂಡು ಚೀರಿದಳು. ಮುಂದಿನ ಸೀಟಿನವರು ತಿರುಗಿದರು. ಒಂದು ಕೂಸು ಹೆದರಿ ಅಳತೊಡಗಿತು. ಯಾರೋ ದೆವ್ವ ಹಿಡಿದಿದೆ ಎಂದರು, ಯಾರೋ ಕಪಾಳಕ್ಕೆ ಎರಡು ಬಿಗಿದರೆ ಸರಿಯಾಗುತ್ತಾಳೆ ಎಂದರು. ತಲೆಗೆ ಪಟಗ ಸುತ್ತಿದ ಒಬ್ಬ ಹಿರಿಯ ಎದ್ದು ನಿಂತು ಅಪ್ಪನಿಗೆ ಹೇಳಿದ.

"ಡ್ರೈವರ್ ಸಾಹೇಬ್ರ, ಗಾಡಿ ನಿಂದರಸ್ರಿ. ಈ ಹೆಣ್ಮಗಳಿಗಿ ಇಳಸ್ರಿ. ಕೂಡಾಕ ಆಗವಲ್ದು."

ಬಸ್ಸು ನಿಂತಿತು. ಅವ್ವ ಆಗಲೇ ಚೀಲ ಎತ್ತಿಕೊಂಡು, ಶೀಲಾಳ ರಟ್ಟೆ ಹಿಡಿದಿದ್ದಳು. ಎರಡೂ ಕಡೆ ಬರಿಯ ತೊಗರಿಯ ಹೊಲ, ಒಂದು ಗಿಡದ ನೆರಳೂ ಇರಲಿಲ್ಲ. ಅಪ್ಪ ಇಂಜಿನ್ ಆರಿಸಿದ. ತನ್ನ ಬಾಗಿಲು ತೆರೆದು ಕೆಳಗಿಳಿದು, ಸುತ್ತು ಹಾಕಿ, ನಮ್ಮ ಬಾಗಿಲಿನಿಂದ ಮೇಲೆ ಬಂದ. ಅವ್ವನ ಕೈಯಿಂದ ಚೀಲ ತೆಗೆದುಕೊಂಡು ಮತ್ತೆ ಸೀಟಿನ ಮೇಲಿಟ್ಟ.

"ಇಕಿ ನನ್ನ ಮಗಳ್ರಿ," ಎಂದ ಆ ಹಿರಿಯನಿಗೆ. ದನಿ ಹಿಂದಿನ ಸೀಟಿನವರೆಗೂ ಕೇಳಿಸುವಷ್ಟು ಜೋರಾಗಿತ್ತು. "ಸಣ್ಣಾಕಿ. ಹಾರ್ನಿಗಿ ಹಿಂಗ ಆಗ್ಯಾದ, ತಪ್ಪು ನಂದು. ಜರಾ ಸಮಾಧಾನ ಆಗಲಿ. ಇಳಿಯವರು ಇಳೀರಿ, ಹಿಂದ ಇನ್ನೊಂದು ಗಾಡಿ ಬರ್ತದ."

ನಾಲ್ಕೈದು ಜನ ಇಳಿದೇಬಿಟ್ಟರು. ಪಟಗದ ಹಿರಿಯ ಇಳಿಯಲಿಲ್ಲ. ಒಂದಿಷ್ಟು ಗೊಣಗಿ ಕೂತ. ಶೀಲಾ ಕೂಡಲೇ ಸಮಾಧಾನಗೊಳ್ಳಲಿಲ್ಲ, ಬಸ್ಸು ಮತ್ತೆ ಹೊರಟ ಮೇಲೂ ಎರಡು ಊರು ದಾಟುವವರೆಗೆ ಅಳುತ್ತಿದ್ದಳು. ಆಮೇಲೆ ರಸ್ತೆಗೆ ಅಡ್ಡ ಒಂದು ಕುರಿಹಿಂಡು ಬಂತು. ಕುರಿಗಳು ಸರಿಯುವ ಹಾಗೆ ಕಾಣಲಿಲ್ಲ. ಕಂಡಕ್ಟರ್ ಇಳಿದು ಹೋಗಿ ಕೈಯಿಂದ ಒಂದೊಂದನ್ನೇ ಹೊಲದ ಕಡೆ ತಳ್ಳಿದ. ಅಪ್ಪ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟುಕೊಂಡು ಕಾದ. ಅಫಜಲಪುರ ಮುಟ್ಟುವವರೆಗೂ ಅವನು ಹಾರ್ನ್ ಮುಟ್ಟಲಿಲ್ಲ, ಬಸ್ಸು ಮುಕ್ಕಾಲು ತಾಸು ತಡವಾಗಿ ಸ್ಟ್ಯಾಂಡಿಗೆ ಹೋಯಿತು.